ನೆಲದ ಬೆಂಕಿಯಲ್ಲಿ ಮನೆಯೂಟ

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ, ರೊಟೊರುವಾ ಪೇಟೆಯ ದಕ್ಷಿಣದಂಚಿನಲ್ಲಿ ಪುವಾರೆಂಗಾ ಎಂಬ ಹೊಳೆ ಹರಿಯುತ್ತದೆ. ಅದರ ಸೇತುವೆ ದಾಟುತ್ತಿದ್ದಂತೆ ಗಂಧಕದ ವಾಸನೆ ಮೂಗಿಗೆ ಅಡರುತ್ತದೆ. ಫಕರೆವರೆವ ಎಂಬ, ಮೂಲನಿವಾಸಿ ಮಾವೋರಿಗಳ ಈ ಹಳ್ಳಿಯಲ್ಲಿ ಎತ್ತ ನೋಡಿದರೂ ಹಬೆ: ಮನೆಗಳ ಸಂದಿಯಲ್ಲಿ, ಕಾಲುದಾರಿಯ ಬದಿಯಲ್ಲಿ, ಚರ್ಚಿನ ಪಕ್ಕದಲ್ಲಿ. ಸತ್ತವರಿಗಾಗಿ ಆಳವಾಗಿ ಗುಂಡಿ ತೋಡುವಂತಿಲ್ಲ, ಕೆಳಗೆ ನೆಲ ಸುಡುತ್ತದೆ. ಹಾಗಾಗಿ ಗೋರಿಗಳನ್ನೆಲ್ಲ ನೆಲದ ಮೇಲೆಯೇ ಕಟ್ಟಿದ್ದಾರೆ. ಇಂಥ ಕಡೆ ಜನ ತಲೆಮಾರುಗಳಿಂದ ಸಂಸಾರ ಹೂಡಿ, ಮಕ್ಕಳನ್ನು ಬೆಳೆಸಿ, ಅಡುಗೆಯನ್ನು ನೆಲದ ಕಾವಿನಲ್ಲೇ ಬೇಯಿಸಿಕೊಂಡು ಬಂದಿದ್ದಾರೆ. ನಾನು ಹೋದದ್ದು ಆ ಅಡುಗೆಯನ್ನು ನೋಡಲೆಂದೇ.

ಅಡುಗೆಯ ಜಾಗ ಮನೆಯ ಹೊರಗೆ, ಬಯಲಲ್ಲಿದೆ. ಹಬೆ ಉಗುಳುವ ಬಿರುಕಿನ ಮೇಲೆ ಪೆಟ್ಟಿಗೆಯೊಂದನ್ನು ಕೂರಿಸಿದ್ದಾರೆ, ಅದಕ್ಕೊಂದು ಮುಚ್ಚಳ. ಅಷ್ಟೇ ಒಲೆ. ಸೌದೆ ಇಲ್ಲ, ಗ್ಯಾಸ್ ಇಲ್ಲ, ಉರಿ ಏರಿಸಿ ಇಳಿಸುವ ತಿರುಗಣೆಯೂ ಇಲ್ಲ. ಮಾಂಸ, ಆಲೂಗಡ್ಡೆ, ಸಿಹಿಗುಂಬಳ, ಎಲೆಕೋಸು ತುಂಬಿದ ಪಾತ್ರೆಯನ್ನು ಒಳಗಿಟ್ಟು ಮುಚ್ಚಿ ಮನೆಯವರು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಹಬೆಯಲ್ಲಿ ಬೇಯುವುದರಿಂದ ತಳ ಹಿಡಿಯುವ, ಸೀದುಹೋಗುವ ಭಯವಿಲ್ಲ. ಒಂದೆರಡು ಗಂಟೆ ತಡೆದು ಬಂದು ಮುಚ್ಚಳ ತೆಗೆದರೆ ಊಟ ಸಿದ್ಧ. ಕಾವಲಿಗೆ ಯಾರೂ ಇಲ್ಲದ ಆ ಪೆಟ್ಟಿಗೆಗಳ ನಡುವೆ ನಿಂತಾಗ, ನೆರೆಹೊರೆಯವರ ಮೇಲೆ ಇಷ್ಟು ನಂಬಿಕೆಯಿಲ್ಲದೆ ಇಂಥ ಅಡುಗೆಮನೆ ನಡೆಯಲಾರದು ಅನ್ನಿಸಿತು.

ಪೆಟ್ಟಿಗೆಗಳಿಂದ ತುಸು ದೂರದಲ್ಲಿ ಪರೆಕೊಹುರು ಎಂಬ ದೊಡ್ಡ ಕೊಳವಿದೆ. ತಿಳಿನೀಲಿ ನೀರು, ಅಂಚಿಗೆಲ್ಲ ಸಿಲಿಕಾ ಕಟ್ಟಿದ ಬೂದುಬಿಳಿ ಕಟ್ಟೆ. ಆಗಾಗ ನೀರು ತಾನಾಗಿ ಉಬ್ಬಿ, ಗುಳ್ಳೆಗಳನ್ನು ಎಬ್ಬಿಸಿ, ಮತ್ತೆ ಇಳಿಯುತ್ತದೆ. ಪುತ್ತೂರಿನ ಬಳಿಯ ಬೆಂದ್ರುತೀರ್ಥದ ಬೆಚ್ಚನೆ ನೀರಿಗೆ ಕಾಲಿಟ್ಟು ಬಂದವರಿಗೆ ಈ ಕೊಳದ ಕಾವು ಊಹೆಗೂ ಸಿಗದು. ಇಲ್ಲಿನ ನೀರು ಕುದಿಯುವ ಹಂತದ ಹತ್ತಿರವೇ ಇರುತ್ತದೆ. ಜೋಳದ ತೆನೆಗಳನ್ನು ಬಟ್ಟೆಯ ಚೀಲಕ್ಕೆ ತುಂಬಿ, ಹಗ್ಗ ಕಟ್ಟಿ ಇಳಿಬಿಡುತ್ತಾರೆ. ಸೊಪ್ಪು ಕೆಲವೇ ನಿಮಿಷಗಳಲ್ಲಿ ಬೇಯುತ್ತದೆ. ಬೆಂದ ತೆನೆಯನ್ನು ಕೈಗಿಟ್ಟಾಗ ನಾನು ಮೊದಲು ಮೂಸಿ ನೋಡಿದೆ. ಗಂಧಕದ ವಾಸನೆ ಎಳ್ಳಷ್ಟೂ ಇರಲಿಲ್ಲ. ನೀರಿನ ಖನಿಜ ಹಿಡಿದು ಕಾಳಿಗೆ ನಸು ಉಪ್ಪಿನ ರುಚಿ ಬಂದಿತ್ತು. ಹಿಮಾಚಲದ ಮಣಿಕರಣ್‌ನಲ್ಲಿ ಗುರುದ್ವಾರದ ಲಂಗರಿಗೆ ಬಿಸಿನೀರಿನ ಬುಗ್ಗೆಯಲ್ಲಿ ಅಕ್ಕಿ ಬೇಯಿಸುವುದನ್ನು ಕಂಡವರಿಗೆ ಈ ನೋಟ ಅಪರಿಚಿತವಲ್ಲ. ಅಲ್ಲಿ ಅದು ಯಾತ್ರಿಕರ ಊಟವಾದರೆ ಇಲ್ಲಿ ಇದು ಮನೆಮಂದಿಯ ದಿನದೂಟ.

ಈ ಕೊಳದಲ್ಲಿ ಯಾರೂ ಕಾಲು ಅದ್ದುವುದಿಲ್ಲ. ಅಡುಗೆಯ ಜಾಗ ಬೇರೆ, ಮೈ ತೊಳೆಯುವ ಜಾಗ ಬೇರೆ ಎಂಬುದು ಮಾವೋರಿಗಳ ಕಟ್ಟುನಿಟ್ಟಿನ ನಡಾವಳಿ. ಕೊಳದಿಂದ ತುಂಬಿ ಹರಿದ ನೀರು ಕಾಲುವೆಗಳಲ್ಲಿ ಸಾಗುತ್ತ ತಣಿದು ಸ್ನಾನದ ತೊಟ್ಟಿಗಳಿಗೆ ಬೀಳುತ್ತದೆ. ಸಂಜೆ ಮನೆಮಂದಿ ಅಲ್ಲಿ ಕೂತು ಮೀಯುತ್ತಾರೆ, ಹರಟುತ್ತಾರೆ. ಒಂದೇ ನೀರು ಮೊದಲು ಅಡುಗೆಗೆ, ಆಮೇಲೆ ಮೈಗೆ.

ಬೆಂಕಿ ಇಲ್ಲಿಗೆ ಬಂದ ಕಥೆಯನ್ನೂ ಈ ಸೀಮೆಯವರು ಹೇಳುತ್ತಾರೆ. ನ್ಗಾತೊರೊಯಿರಂಗಿ ಎಂಬ ಹಿರಿಯ ಪುರೋಹಿತ ಟೊಂಗರಿರೊ ಬೆಟ್ಟ ಹತ್ತಿದಾಗ ಹಿಮಗಾಳಿಗೆ ಸಿಕ್ಕಿ ಸಾಯುವ ಹಾಗಾದ. ಪೂರ್ವಿಕರ ನಾಡಾದ ದೂರದ ಹವೈಕಿಯಲ್ಲಿದ್ದ ತನ್ನ ಅಕ್ಕತಂಗಿಯರನ್ನು ಕೂಗಿ ಬೆಂಕಿ ಬೇಡಿದ. ತೆ ಪುಪು ಮತ್ತು ತೆ ಹೊವಾತಾ ಬೆಂಕಿ ಹಿಡಿದು ಕಡಲಿನ ಅಡಿಯಲ್ಲಿ, ನೆಲದ ಅಡಿಯಲ್ಲಿ ಓಡಿಬಂದರು. ದಾರಿಯಲ್ಲಿ ಅವರು ತಲೆ ಎತ್ತಿದಲ್ಲೆಲ್ಲ ಬಿಸಿನೀರಿನ ಬುಗ್ಗೆಗಳೂ ಕುದಿಯುವ ಕೆಸರೂ ಉಳಿದುಕೊಂಡವು. ಭೂವಿಜ್ಞಾನಿಗಳು ಈ ಬುಗ್ಗೆಗಳ ಸೀಮೆಯನ್ನು ತೌಪೊ ಜ್ವಾಲಾಮುಖಿ ವಲಯ ಎಂದು ನಕ್ಷೆಯಲ್ಲಿ ಗುರುತಿಸುತ್ತಾರೆ. ಸುದ್ದಿ ತಿಳಿದೊಡನೆ ಒಡಹುಟ್ಟಿದವನ ಚಳಿ ಬಿಡಿಸಲು ಓಡಿಬಂದ ಅಕ್ಕತಂಗಿಯರ ಕಥೆ ನನ್ನ ಮನಸ್ಸಿಗೆ ತಟ್ಟಿತು. ಈ ಬೆಂಕಿಯನ್ನು ಇವರು ಮನೆಯವರ ಕೊಡುಗೆ ಎಂದೇ ಭಾವಿಸಿದ್ದಾರೆ.

ಹಬೆಯಿಲ್ಲದ ಊರುಗಳಲ್ಲಿ ಮಾವೋರಿ ಕುಟುಂಬದವರು ಹಿತ್ತಲಲ್ಲಿ ಗುಂಡಿ ತೋಡಿ ಹಾಂಗಿ ಎಂಬ ನೆಲದೊಲೆ ಹಾಕುತ್ತಾರೆ. ಮದುವೆ, ಸಾವು, ಹುಟ್ಟುಹಬ್ಬ, ಯಾವುದಕ್ಕೂ ಇದೇ ಊಟ. ಸೌದೆ ಒಟ್ಟಿ, ಮೇಲೆ ಕಲ್ಲು ಪೇರಿಸಿ, ಕಲ್ಲು ಕೆಂಪಗೆ ಕಾಯುವವರೆಗೆ ಉರಿಸುತ್ತಾರೆ. ಕಲ್ಲಿನ ಆಯ್ಕೆಗೆ ಅನುಭವ ಬೇಕು. ಜ್ವಾಲಾಮುಖಿಯ ಗಟ್ಟಿ ಕಲ್ಲು ಕಾವು ತಾಳುತ್ತದೆ. ಒಳಗೆ ತೇವ ಹಿಡಿದ ಕಲ್ಲು ಸಿಡಿಯುತ್ತದೆ. ಕಾದ ಕಲ್ಲುಗಳ ಮೇಲೆ ತಂತಿಯ ಬುಟ್ಟಿಗಳನ್ನಿಡುತ್ತಾರೆ: ಕೆಳಗೆ ಮಾಂಸ, ಮೇಲೆ ಆಲೂಗಡ್ಡೆ, ಕುಂಬಳ, ಕೂಮರ. ಒದ್ದೆ ಬಟ್ಟೆ, ಅದರ ಮೇಲೆ ಒದ್ದೆ ಗೋಣಿ, ಕೊನೆಗೆ ಮಣ್ಣು. ಹಬೆ ಎಲ್ಲಿ ಸೋರಿದರೂ ಅಲ್ಲಿಗೊಂದು ಸಲಿಕೆ ಮಣ್ಣು. ಮೂರು ಗಂಟೆಯೋ ಇನ್ನೂ ಹೆಚ್ಚೋ ಕಳೆದ ಮೇಲೆ ಅಗೆದು ತೆಗೆಯುತ್ತಾರೆ. ಗುಂಡಿ ತೋಡುವವರು, ಬೆಂಕಿ ನೋಡಿಕೊಳ್ಳುವವರು, ತರಕಾರಿ ಸುಲಿಯುವವರು ಎಂದು ಮನೆಯವರೆಲ್ಲ ಕೂಡದೆ ಈ ಅಡುಗೆ ಆಗುವುದೇ ಇಲ್ಲ.

ಕೂಮರ ಎಂದರೆ ನಮ್ಮ ಗೆಣಸೇ. ದಕ್ಷಿಣ ಅಮೆರಿಕದಲ್ಲಿ ಹುಟ್ಟಿದ ಈ ಗಡ್ಡೆ ಯುರೋಪಿನ ಹಡಗುಗಳು ಬರುವ ಮೊದಲೇ ಪಾಲಿನೇಷ್ಯದ ದ್ವೀಪಗಳನ್ನು ಸೇರಿತ್ತು. ಮಾವೋರಿಗಳ ಪೂರ್ವಿಕರು ದೋಣಿಗಳಲ್ಲಿ ಅದನ್ನು ಈ ಚಳಿಯ ನಾಡಿಗೆ ತಂದು, ಚಳಿಗಾಲದಲ್ಲಿ ಕೊಳೆಯದಂತೆ ನೆಲಗುಂಡಿಗಳಲ್ಲಿ ಕಾಪಾಡುವುದನ್ನು ಕಲಿತರು. ಮಣ್ಣಿನೊಳಗೆ ಬೆಂದ ಆ ಗೆಣಸಿಗೆ ಹೊಗೆಯ, ಹಸಿಮಣ್ಣಿನ ಕಂಪು ಅಂಟಿರುತ್ತದೆ. ತಿನ್ನುತ್ತಿದ್ದಂತೆ ಅಷ್ಟು ದೂರದ ಕಡಲಯಾನದ ನೆನಪೂ ಬಂದು ಗೌರವ ಮೂಡಿತು.

ಫಕರೆವರೆವದಲ್ಲಿ ಇಂದು ಇರುವ ಅನೇಕ ಮನೆತನಗಳು ಮೊದಲು ಇಲ್ಲಿಯವಲ್ಲ. ತೂಹೌರಂಗಿ ಬುಡಕಟ್ಟಿನ ಆ ಜನ ತರವೆರಾ ಸರೋವರದ ಸಮೀಪ ತೆ ವೈರೊವಾ ಎಂಬ ಹಳ್ಳಿಯಲ್ಲಿದ್ದರು. ಲೋಕದ ನಾನಾ ಕಡೆಯಿಂದ ಬರುತ್ತಿದ್ದ ಪ್ರವಾಸಿಗಳನ್ನು ದೋಣಿಯಲ್ಲಿ ಕರೆದೊಯ್ದು ಗುಲಾಬಿ ಮತ್ತು ಬಿಳಿ ಬಣ್ಣದ ಸಿಲಿಕಾ ಮೆಟ್ಟಿಲುಗಳನ್ನು ತೋರಿಸುವುದು ಅವರ ಜೀವನೋಪಾಯವಾಗಿತ್ತು. 1886ರ ಜೂನ್ 10ರ ನಸುಕಿನಲ್ಲಿ ತರವೆರಾ ಬೆಟ್ಟ ಸಿಡಿಯಿತು. ಸುಮಾರು 120 ಮಂದಿ ಸತ್ತರು. ಆ ಮೆಟ್ಟಿಲುಗಳ ಬೆಡಗು ಒಂದೇ ರಾತ್ರಿಯಲ್ಲಿ ಕಣ್ಮರೆಯಾಯಿತು, ಸುತ್ತಲ ಹಳ್ಳಿಗಳು ಬೂದಿ ಮತ್ತು ಕೆಸರಿನಡಿ ಹೂತುಹೋದವು. ಸೋಫಿಯಾ ಹಿನೆರಂಗಿ ಎಂಬ ಮಾರ್ಗದರ್ಶಿಯ ಗಟ್ಟಿಮುಟ್ಟಾದ ಮನೆಯೊಳಗೆ ಸೇರಿಕೊಂಡ ಹಲವಾರು ಜನ ಬದುಕಿಕೊಂಡರು. ನೆಲೆ ಕಳೆದುಕೊಂಡವರಿಗೆ ನೆಂಟರು ಫಕರೆವರೆವದಲ್ಲಿ ಜಾಗ ಕೊಟ್ಟರು. ಮನೆಮಠ ಕಳೆದ ನೆಲದ ಬೆಂಕಿಯೇ ಮತ್ತೆ ಅನ್ನ ಬೇಯಿಸಿಕೊಟ್ಟಿತು.

ಆ ತೆ ವೈರೊವಾದಿಂದಲೇ ತರವೆರಾ ಕಾಲುದಾರಿ ಹೊರಡುತ್ತದೆ. ಸರೋವರದ ದಂಡೆ ಹಿಡಿದು, ಕಾಡಿನ ನಡುವೆ 15 ಕಿಲೋಮೀಟರ್ ನಡೆದರೆ ತೆ ರಾತಾ ಕೊಲ್ಲಿ. ಐದಾರು ಗಂಟೆಯ ದಾರಿ. ನಡೆಯಲಾಗದ ಹಿರಿಯರೂ ಪುಟ್ಟ ಮಕ್ಕಳೂ ದೋಣಿಯಲ್ಲಿ ಬರುತ್ತಾರೆ. ಕೊಲ್ಲಿಯ ಅಂಚಿನಲ್ಲಿ ಡೇರೆ ಹಾಕುವ ತಾಣವಿದೆ. ಇಲ್ಲಿ ಒಲೆ ಎಂದರೆ ಮರಳು. ನೀರಿನಂಚಿನ ಮರಳನ್ನು ಕೆದಕಿದರೆ ಬಿಸಿ ಏಳುತ್ತದೆ. ಕುಟುಂಬದವರು ಮುಚ್ಚಳ ಬಿಗಿದ ಪಾತ್ರೆಯನ್ನೋ ಹಾಳೆಯಲ್ಲಿ ಸುತ್ತಿದ ಪೊಟ್ಟಣವನ್ನೋ ಹೂತು, ಗುರುತಿಗೆ ಕೋಲು ನೆಟ್ಟು ಈಜಲು ಹೋಗುತ್ತಾರೆ. ನನ್ನ ಪಕ್ಕದ ಡೇರೆಯ ಅಜ್ಜಿ ಮೊಮ್ಮಕ್ಕಳಿಗೆ ಮೊದಲು ಕಲಿಸಿದ್ದು ಅಡುಗೆಯನ್ನಲ್ಲ, ಎಲ್ಲಿ ಕಾಲಿಡಬಾರದು ಎಂಬುದನ್ನು. ಅಂಗೈಯನ್ನು ಮರಳಿನಿಂದ ಗೇಣುದ್ದ ಮೇಲೆ ಹಿಡಿದು ಕಾವು ಅಳೆಯಬೇಕು, ಬಿಸಿನೀರಿಗೆ ತಲೆ ಮುಳುಗಿಸಬಾರದು ಎಂದಳು. ಮೂಗಿನ ಮೂಲಕ ಮಿದುಳಿಗೆ ಹೋಗುವ ಅಮೀಬಾದ ಅಪಾಯ ಇಂಥ ನೀರಿನಲ್ಲಿದೆ ಎಂದು ನ್ಯೂಜಿಲೆಂಡಿನ ಆರೋಗ್ಯ ಇಲಾಖೆಯೂ ಎಚ್ಚರಿಸುತ್ತದೆ. ಸಂಜೆ ಪಾತ್ರೆ ಮೇಲೆ ಬಂದಾಗ ಆಲೂಗಡ್ಡೆ ಬೆಣ್ಣೆಯಷ್ಟು ಮೆತ್ತಗಾಗಿತ್ತು. ಮಾಂಸ ತಿನ್ನದ ನನಗೆಂದು ಬೇರೆ ಪೊಟ್ಟಣದಲ್ಲಿ ಕೂಮರ, ಎಲೆಕೋಸು ಇಟ್ಟಿದ್ದರು. ಎದುರಿಗೇ ತರವೆರಾ ಬೆಟ್ಟ, ನೆತ್ತಿಯಲ್ಲಿ 1886ರ ಬಿರುಕು. ಉಣ್ಣುವ ಮುನ್ನ ಅಜ್ಜಿ ಪ್ರಾರ್ಥನೆ ಹೇಳಿದಳು, ನಾನೂ ತಲೆಬಾಗಿದೆ.

ಫಕರೆವರೆವದ ಒಲೆ ಆರಿಹೋಗುವ ಕಾಲವೂ ಒಮ್ಮೆ ಹತ್ತಿರ ಬಂದಿತ್ತು. ರೊಟೊರುವಾ ಪೇಟೆಯವರು ಮನೆ ಬೆಚ್ಚಗಿಡಲು, ಹೋಟೆಲಿನ ಈಜುಕೊಳ ತುಂಬಲು ನೂರಾರು ಕೊಳವೆಬಾವಿ ಕೊರೆದು ನೆಲದ ಬಿಸಿನೀರನ್ನು ಎತ್ತಿದರು. ಅಡಿಯ ಒತ್ತಡ ಕುಸಿಯಿತು, ಬುಗ್ಗೆಗಳು ಸೊರಗಿದವು, ಕೆಲವು ಚಿಲುಮೆಗಳು ನಿಂತೇಹೋದವು. 1986ರಲ್ಲಿ ಸರ್ಕಾರ ಮಧ್ಯೆ ಬಂದು ಹಳ್ಳಿಯ ಪಕ್ಕದ ಪೋಹುತು ಎಂಬ ಚಿಲುಮೆಯ ಸುತ್ತ 1.5 ಕಿಲೋಮೀಟರ್ ಒಳಗಿನ ಕೊಳವೆಬಾವಿಗಳನ್ನು ಮುಚ್ಚಿಸಿತು. ಒಪ್ಪದವರೂ ಇದ್ದರು. ಆದರೆ ಒತ್ತಡ ಮತ್ತೆ ಏರಿತು, ಬುಗ್ಗೆಗಳು ಚೇತರಿಸಿಕೊಂಡವು. ಪೋಹುತು ಇಂದಿಗೂ ದಿನದಲ್ಲಿ ಹಲವು ಬಾರಿ ಆಳೆತ್ತರ ಮೀರಿ ಚಿಮ್ಮುತ್ತದೆ. ಹುರುಪಿನಲ್ಲಿದ್ದಾಗ 30 ಮೀಟರಿನವರೆಗೂ ಏರುತ್ತದೆ.

ಹಳ್ಳಿಯ ಪೆಟ್ಟಿಗೆ ಮೇಲೆ ತಾನಾಗಿ ಬಂದ ಹಬೆಯನ್ನಷ್ಟೇ ಬಳಸುತ್ತದೆ. ಕೊಳವೆಬಾವಿ ಬರಲಿರುವ ಹಬೆಯನ್ನೂ ಎಳೆದುಕೊಳ್ಳುತ್ತದೆ. ಫಕರೆವರೆವದ ಊಟದ ಸೊಗಸು ಇರುವುದು ಈ ವ್ಯತ್ಯಾಸವನ್ನು ಬಲ್ಲ ಜನರಲ್ಲಿ ಎಂದು ನಾನು ದೃಢವಾಗಿ ನಂಬುತ್ತೇನೆ. ಅಲ್ಲಿಗೆ ಹೋಗುವ ಕನ್ನಡಿಗರಿಗೆ ನನ್ನದೊಂದೇ ಮಾತು: ಮೊದಲು ತೆ ವೈರೊವಾದ ಹೂತುಹೋದ ಹಳ್ಳಿಯನ್ನು ನೋಡಿ, ಆಮೇಲೆ ಫಕರೆವರೆವದಲ್ಲಿ ಊಟಕ್ಕೆ ಕೂರಿ. ಸರ್ವನಾಶ ಕಂಡವರು ಅದೇ ಬೆಂಕಿಯೊಡನೆ ಕಟ್ಟಿಕೊಂಡ ಬಾಳಿನ ಬೆಲೆ ಅರಿತು ಉಂಡರೆ ಮಾತ್ರ ಆ ತುತ್ತಿನ ರುಚಿ ಪೂರ್ತಿ ದಕ್ಕುತ್ತದೆ.