ಕಡವಿನ ಆಚೆ

ಮಾನ್ಯ ವಾಚಕರಲ್ಲಿ ಮೊದಲೇ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುವುದು ಲೇಸು. ನಾನು ಭೂಗೋಳಶಾಸ್ತ್ರವನ್ನು ಕಲಿತವನಲ್ಲ. ಪಾಠಶಾಲೆಯಲ್ಲಿ ಶಬ್ದರೂಪ, ಅಮರಕೋಶ, ರಘುವಂಶಗಳನ್ನು ಬಾಯಿಪಾಠ ಮಾಡಿ, ಅದರ ಬಲದಿಂದಲೇ ಮಂಗಳೂರಿನ ಒಂದು ಪ್ರೌಢಶಾಲೆಯಲ್ಲಿ ಮೂವತ್ತೈದು ವರ್ಷ ಸಂಸ್ಕೃತವನ್ನು ಕಲಿಸಿ ವಿಶ್ರಾಂತನಾದವನು. ಉಪಾಧ್ಯಾಯರ ಅಭಾವವಿದ್ದ ಕೆಲವು ವರ್ಷಗಳಲ್ಲಿ ಭೂಗೋಳದ ಪಾಠವೂ ನನ್ನ ತಲೆಗೇ ಬಂದಿತ್ತು. ಆ ಪಾಠವೆಂದರೆ ಗೋಡೆಗೆ ತೂಗಹಾಕಿದ ಒಂದು ಪಟ, ಕೈಯಲ್ಲಿ ಒಂದು ಬೆತ್ತ, ಬಾಯಲ್ಲಿ ನದಿಗಳ ಹೆಸರು, ಇಷ್ಟೇ. ಬೆತ್ತವು ಪಟಕ್ಕೆ ಮಾತ್ರ ಮೀಸಲಾಗಿತ್ತೆಂದು ಹೇಳಿದರೆ ಸುಳ್ಳಾದೀತು.

ಕಳೆದ ಪುಷ್ಯಮಾಸದಲ್ಲಿ ನನ್ನ ಅಕ್ಕನ ಮೊಮ್ಮಗಳು ಮೈಸೂರಿನಿಂದ ನಮ್ಮ ಮನೆಗೆ ಬಂದಳು. ಅವಳು ಮಾನಸಗಂಗೋತ್ರಿಯಲ್ಲಿ ಭೂಗೋಳಶಾಸ್ತ್ರದ ವಿದ್ಯಾರ್ಥಿನಿ. ಪರೀಕ್ಷೆಗಾಗಿ ಒಂದು ಪ್ರಬಂಧವನ್ನು ಬರೆಯಬೇಕು. ಅದಕ್ಕಾಗಿ ಮೂರು ವಾರ ಮಂಗಳೂರಿನಲ್ಲಿ ಕ್ಷೇತ್ರಕಾರ್ಯ ಮಾಡಬೇಕು ಎಂದಳು. ವಿಷಯವೇನೆಂದು ಕೇಳಿದುದಕ್ಕೆ 'ಮಾನವ ಭೂಗೋಳ' ಎಂದು ಉತ್ತರ ಬಂದಿತು. ಬೆಟ್ಟ, ಹೊಳೆ, ಗಾಳಿಗಳ ಶಾಸ್ತ್ರದೊಳಗೆ ಮಾನವನು ಎಲ್ಲಿಂದ ನುಸುಳಿದನೆಂದು ನಾನು ಪರಿಹಾಸ್ಯ ಮಾಡಿದೆ. ಅವಳು ಸಿಟ್ಟಾಗಲಿಲ್ಲ. ಫ್ರಾನ್ಸ್ ದೇಶದ ವಿದಾಲ್ ದ ಲಾ ಬ್ಲಾಶ್ ಎಂಬ ಪಂಡಿತನು ನೂರು ವರ್ಷಗಳ ಹಿಂದೆಯೇ ಈ ಶಾಸ್ತ್ರಕ್ಕೆ ತಳಹದಿ ಹಾಕಿದನೆಂದೂ, ನೆಲವು ಮನುಷ್ಯನಿಗೆ ಅಪ್ಪಣೆ ಕೊಡುವುದಿಲ್ಲ, ಕೆಲವು ದಾರಿಗಳನ್ನು ಮಾತ್ರ ತೆರೆದಿಡುತ್ತದೆ, ಯಾವುದನ್ನು ಹಿಡಿಯಬೇಕೆಂಬುದು ಅಲ್ಲಿ ಬಾಳುವವರ ಕೆಲಸವೆಂದು ಅವನ ಮತವೆಂದೂ ವಿವರಿಸಿದಳು. ಆಗ ನನಗೆ ಅಮರಕೋಶದ ಭೂಮಿವರ್ಗ ನೆನಪಾಯಿತು. ಹೊಳೆಯ ನೀರಿನಿಂದ ಬೆಳೆಯುವ ನಾಡು ನದೀಮಾತೃಕ. ಮಳೆಯನ್ನೇ ನಂಬಿದ ನಾಡು ದೇವಮಾತೃಕ. ನೀರು ಎಲ್ಲಿಂದ ಬರುತ್ತದೆಯೋ ಅದನ್ನೇ ಆ ನೆಲದ ತಾಯಿಯೆಂದು ಕರೆದ ಅಮರಸಿಂಹನೂ ಇದೇ ಶಾಸ್ತ್ರವನ್ನು ಬಲ್ಲವನಾಗಿರಬೇಕೆಂದು ನಾನು ಹೇಳಿದಾಗ ಅವಳು ಆ ಎರಡು ಶಬ್ದಗಳನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಮೂವತ್ತೈದು ವರ್ಷ ಪಾಠ ಹೇಳಿದ ಮೇಲೆ, ಹೇಳದೆಯೇ ಬರೆದುಕೊಂಡ ಶಿಷ್ಯೆಯೊಬ್ಬಳು ದೊರೆತುದು ಸಣ್ಣ ಸಂತೋಷವಲ್ಲ.

ಮೊದಲು ಅವಳ ಮನಸ್ಸು ಹಂಚಿನ ಕಾರ್ಖಾನೆಗಳ ಮೇಲೆ ಇದ್ದಿತು. ೧೮೩೪ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನಿನವರು ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದುದು, ನೇತ್ರಾವತಿ ಗುರುಪುರ ಹೊಳೆಗಳ ದಡದ ಜೇಡಿ ಮಣ್ಣು ಕೆಂಪು ಹಂಚಾಗಿ ಹಡಗೇರಿ ದೂರದೇಶಗಳ ಮಾಡುಗಳಿಗೆ ಹೋದುದು, ಇವೆಲ್ಲ ಬಲ್ಲವರಿಗೆ ತಿಳಿದ ಸಂಗತಿಗಳೇ. ಆದರೆ ಅದನ್ನು ಕುರಿತು ಬರೆದವರು ಬಹಳ ಮಂದಿ ಇದ್ದಾರೆಂದು ಅವಳ ಗುರುಗಳು ಅಭಿಪ್ರಾಯಪಟ್ಟರಂತೆ. ಕಡೆಗೆ ಅವಳು ಆರಿಸಿದುದು ಬೆಂಗರೆಯ ಕಡವನ್ನು.

ಪರಸ್ಥಳದ ವಾಚಕರಿಗಾಗಿ ಎರಡು ಮಾತು. ಗುರುಪುರ ಹೊಳೆಯು ಸಮುದ್ರದ ಬಳಿಗೆ ಬಂದು, ಒಡನೆ ಅದನ್ನು ಸೇರದೆ, ದಕ್ಷಿಣಕ್ಕೆ ತಿರುಗಿ ಕಡಲಿಗೆ ಸಮಾನಾಂತರವಾಗಿ ಹರಿದು, ನೇತ್ರಾವತಿಯನ್ನು ಕೂಡಿಕೊಂಡು ಅಳಿವೆಯನ್ನು ಮುಟ್ಟುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಹೊಯ್ಗೆಯ ನಾಲಗೆಯೇ ಬೆಂಗರೆ. ಹೊಳೆಯ ಈಚೆಗೆ ಹಳೆಯ ಬಂದರು: ಮೆಣಸು, ಅಕ್ಕಿ, ಒಣಮೀನುಗಳ ಮಂಡಿಗಳು, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು, ಮೀನಿನ ದಕ್ಕೆ. ಅಳಿವೆಯ ಬಾಯಿಯ ಹೊಯ್ಗೆದಿಬ್ಬದಿಂದಾಗಿ ದೊಡ್ಡ ಹಡಗುಗಳು ಇಲ್ಲಿಗೆ ಬರಲಾರದೆ ದೂರ ಕಡಲಿನಲ್ಲೇ ಲಂಗರು ಹಾಕುತ್ತಿದ್ದುವು. ೧೯೭೫ರಲ್ಲಿ ಪಣಂಬೂರಿನ ಹೊಸ ಬಂದರು ತೆರೆದ ಮೇಲೆ ಅವು ಅತ್ತ ಹೋದುವು. ಇತ್ತಣ ದಡದಲ್ಲಿ ನಿಂತರೆ ಬೆಂಗರೆಯ ಮನೆಗಳ ಅಂಗಳದಲ್ಲಿ ಒಣಗಿಸಿದ ಬಟ್ಟೆಯ ಬಣ್ಣ ಕಾಣಿಸುತ್ತದೆ. ದೋಣಿಯಲ್ಲಿ ಕೆಲವೇ ನಿಮಿಷ. ನೆಲದ ಮೇಲೆಯೇ ಹೋಗುತ್ತೇನೆಂದವನು ಮಾತ್ರ ಕೂಳೂರಿನ ಸೇತುವೆ ದಾಟಿ, ಪಣಂಬೂರು ತಣ್ಣೀರುಬಾವಿಗಳನ್ನು ಬಳಸಿ, ಊರಿನ ಅರ್ಧವನ್ನು ಪ್ರದಕ್ಷಿಣೆ ಮಾಡಬೇಕು. ನಾನು ವಿನೋದಕ್ಕಾಗಿ ಆ ನೆಲಕ್ಕೆ 'ನೌಮಾತೃಕ' ಎಂಬ ಮೂರನೆಯ ಶಬ್ದವನ್ನು ಟಂಕಿಸಿದೆ. ಅಮರಸಿಂಹನು ಕ್ಷಮಿಸಲಿ.

ಬೆಂಗರೆಯ ಪ್ರತಿಯೊಂದು ಮನೆಯವರೂ ಶಾಲೆಗೆ, ಆಸ್ಪತ್ರೆಗೆ, ದಕ್ಕೆಗೆ, ಸಂತೆಗೆ ಹೋಗಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ, ಅದರಲ್ಲಿ ಕಾಯುವ ಹೊತ್ತೆಷ್ಟು, ದಾಟುವ ಹೊತ್ತೆಷ್ಟು ಎಂಬುದೇ ಅವಳ ಪ್ರಶ್ನೆ. ಜನಗಣತಿಯ ಪುಸ್ತಕಗಳಿರುವಾಗ ಬಿಸಿಲಿನಲ್ಲಿ ಅಲೆಯುವುದೇಕೆಂದು ನಾನು ಕೇಳಿದೆ. 'ಅಜ್ಜ, ಪುಸ್ತಕದಲ್ಲಿ ಜನ ಎಷ್ಟು ಅಂತ ಇರುತ್ತದೆ; ಅವರು ಕಾಯುವುದು ಎಷ್ಟು ಅಂತ ಇರುವುದಿಲ್ಲ' ಎಂದಳು. ಮೈಸೂರಿನಲ್ಲಿ ಬೆಳೆದ ಹುಡುಗಿಗೆ ತುಳು ಬಾರದು, ಬ್ಯಾರಿ ಭಾಷೆಯಂತೂ ದೂರವೇ ಉಳಿಯಿತು. ಆದುದರಿಂದ ನಾನು ದುಭಾಷಿಯಾಗಿ ಹೊರಟೆ.

ಮೊದಲಿನ ದಿನ ಬಂದರಿನ ಬೀದಿಗಳಲ್ಲಿಯೇ ಕಳೆಯಿತು. ಕೈಯಲ್ಲಿರುವ ಫೋನಿನಲ್ಲಿ ಭೂಪಟವನ್ನು ಇಟ್ಟುಕೊಂಡು ಬಂದವಳಿಗೆ ಈ ಊರು ಕೊಟ್ಟ ತೊಂದರೆ ಹೇಳತೀರದು. 'ಸ್ಟೇಟ್ ಬ್ಯಾಂಕಿನಲ್ಲಿ ಇಳಿ' ಎಂದರೆ ಬ್ಯಾಂಕಿನ ಬಾಗಿಲನ್ನು ಹುಡುಕಿದಳು. ಅದು ಬಸ್ಸುಗಳ ತಂಗುದಾಣವೆಂದು ತಿಳಿದುಕೊಳ್ಳಲು ಅರ್ಧ ಗಂಟೆ ಹಿಡಿಯಿತು. ಪಂಪ್‌ವೆಲ್ಲಿನಲ್ಲಿ ಪಂಪೂ ಇಲ್ಲ, ಬಾವಿಯೂ ಇಲ್ಲ. ಊರಿಗೇ ಒಂದು ಹೆಸರಲ್ಲ: ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಸರಕಾರದ ಕಾಗದಗಳಲ್ಲಿಯ ಮ್ಯಾಂಗಲೋರ್ ೨೦೧೪ರ ನವೆಂಬರ ೧ರಂದು ಮಂಗಳೂರು ಆಯಿತು. ನಾಲ್ಕು ಹೆಸರಿನವರೂ ಒಂದೇ ದೋಣಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿರುವುದನ್ನು ಅವಳು ಎರಡನೆಯ ದಿನ ನೋಡಿದಳು.

ದುಭಾಷಿಯ ಕೆಲಸ ಸುಲಭವೆಂದು ನಾನು ಎಣಿಸಿದ್ದೆ. ೧೮೦೧ರಲ್ಲಿ ಈ ಊರಿಗೆ ಬಂದ ಬುಕಾನನ್ ಸಾಹೇಬನು ಗದ್ದೆ ತೋಟ ಗೇಣಿಗಳ ವಿವರವನ್ನೆಲ್ಲ ಪರರ ಬಾಯಿಯಿಂದ ಕೇಳಿಯೇ ಬರೆದುದು. ಅವನ ದುಭಾಷಿಗಳು ಎಷ್ಟನ್ನು ತಿದ್ದಿದರೋ, ಎಷ್ಟನ್ನು ನುಂಗಿದರೋ ಎಂಬ ಸಂದೇಹ ನನಗೆ ಎಂದೂ ಬಂದಿರಲಿಲ್ಲ. ಮೂರನೆಯ ದಿನ ಒಬ್ಬ ಹೆಂಗಸು ಹೊಸ್ತಿಲಿನಲ್ಲಿ ಕುಳಿತು ತುಳುವಿನಲ್ಲಿ ಬಹಳ ಹೊತ್ತು ಮಾತಾಡಿದಳು. ನಾನು ಅದನ್ನು 'ಮಳೆಗಾಲದಲ್ಲಿ ಸಂಚಾರಕ್ಕೆ ಅಡಚಣೆ' ಎಂದು ಮೂರು ಶಬ್ದಗಳಲ್ಲಿ ಕನ್ನಡಿಸಿ ಕೊಟ್ಟೆ. ಹುಡುಗಿ ಬರೆಯಲಿಲ್ಲ.

'ಅವರು ಕೈ ಹೊಳೆಯ ಕಡೆಗೆ ತೋರಿಸಿದರಲ್ಲ, ಅಜ್ಜ. ಅದು ಯಾಕೆ?'

ಹೆಂಗಸು ಹೇಳಿದುದು ಇಷ್ಟು: ಆಷಾಢದಲ್ಲಿ ಬೆಳಗ್ಗೆ ಎದ್ದು ಬಾಗಿಲಿನಿಂದಲೇ ಹೊಳೆಯ ಬಣ್ಣವನ್ನು ನೋಡುತ್ತೇನೆ. ನೀರು ಕೆಂಪಾಗಿ ಕಸಕಡ್ಡಿ ಹರಿಯುತ್ತಿದ್ದರೆ ಮಗುವಿನ ಚೀಲವನ್ನು ಪುನಃ ಗೂಟಕ್ಕೆ ತೂಗಹಾಕುತ್ತೇನೆ. ನಾನು ಇದನ್ನು ಇದ್ದಕ್ಕಿದ್ದ ಹಾಗೆ ಹೇಳಿದೆನು. ಅವಳು ಬರೆದುಕೊಂಡು, 'ನೀವು ಅವರ ಮಾತನ್ನು ತಿದ್ದಿ ಕೊಡುತ್ತೀರಿ, ತಿದ್ದಬೇಡಿ' ಎಂದಳು. ತಿದ್ದುವುದಲ್ಲದೆ ಬೇರೇನನ್ನೂ ಮಾಡದೆ ಸಂಬಳ ಪಡೆದವನಿಗೆ ಈ ಮಾತು ಸ್ವಲ್ಪ ಚುಚ್ಚಿತು.

ಅವಳಲ್ಲಿ ಇನ್ನೊಂದು ಗೀಳು ಇದ್ದಿತು. ರಾತ್ರಿ ಎಷ್ಟೇ ದಣಿದಿದ್ದರೂ ದಿನದ ಟಿಪ್ಪಣಿಗಳನ್ನು ಎರಡು ಪ್ರತಿ ಮಾಡದೆ ಮಲಗಳು. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು ೧೯೪೮ರಲ್ಲಿ ರಾಂಪುರವೆಂದು ತಾವು ಹೆಸರಿಟ್ಟ ಹಳ್ಳಿಯಲ್ಲಿ ವಾಸವಾಗಿದ್ದು ಸಂಗ್ರಹಿಸಿದ ಟಿಪ್ಪಣಿಗಳನ್ನು ಮುಂದೆ ವಿಸ್ತರಿಸಿ ಮೂರು ಪ್ರತಿ ಮಾಡಿದ್ದರಂತೆ. ೧೯೭೦ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಹಚ್ಚಿದ ಬೆಂಕಿಯಲ್ಲಿ ಆ ಮೂರೂ ಸುಟ್ಟುಹೋದುವು. ಅವರು ನೆನಪಿನಿಂದಲೇ ಬರೆದ ಗ್ರಂಥವು ೧೯೭೬ರಲ್ಲಿ ಹೊರಬಿದ್ದು ಜಗತ್ಪ್ರಸಿದ್ಧವಾಯಿತು. ನಮ್ಮ ಪಾಠಶಾಲೆಯಲ್ಲಿ ನೆನಪೇ ಗ್ರಂಥವಾಗಿತ್ತಾದುದರಿಂದ ನನಗೆ ಈ ಕಥೆ ಬಹಳ ಹಿಡಿಸಿತು. ಅವಳು ಮಾತ್ರ, ತನ್ನ ನೆನಪು ಅಷ್ಟು ಗಟ್ಟಿಯಲ್ಲವೆಂದು ಎರಡು ಪ್ರತಿಗಳನ್ನು ಬೇರೆಬೇರೆ ಚೀಲಗಳಲ್ಲಿ ಇಡುತ್ತಿದ್ದಳು.

ಎರಡನೆಯ ವಾರದಲ್ಲಿ, ಕಡಲಿನ ಮಗ್ಗುಲಲ್ಲಿ ತೆಂಗಿನ ನೆರಳಿಗೆ ಕುಳಿತು ಬಲೆಯನ್ನು ಸರಿಪಡಿಸುತ್ತಿದ್ದ ಒಬ್ಬನ ಬಳಿಗೆ ಹೋದೆವು. ಐವತ್ತರ ಹತ್ತಿರದ ಪ್ರಾಯ. ತಲೆ ಅರ್ಧ ಬೆಳ್ಳಗಾಗಿತ್ತು. ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವಾಗ ನಾಡದೋಣಿಯವರು ಹೇಗೆ ದುಡಿಯುತ್ತಾರೆ, ರಂಪಣಿ ಬಲೆಯ ಕಾಲದಲ್ಲಿ ಇಡೀ ಕೇರಿಯೇ ಹಗ್ಗ ಹಿಡಿದು ಎಳೆಯುತ್ತಿದ್ದುದು ಹೇಗೆ ಎಂಬುದನ್ನೆಲ್ಲ ಅವನು ಕಣ್ಣೆತ್ತದೆ ಹೇಳಿದ. ಆಮೇಲೆ ಅವಳ ಪ್ರಶ್ನಾವಳಿಯ ಎಂಟನೆಯ ಪ್ರಶ್ನೆ ಬಂದಿತು: ಎಷ್ಟನೆಯ ತರಗತಿಯವರೆಗೆ ಓದಿದ್ದೀರಿ, ಬಿಟ್ಟ ಕಾರಣವೇನು?

ಅವನು ಕಣ್ಣೆತ್ತಿ ಮೊದಲು ಅವಳನ್ನೂ ಆಮೇಲೆ ನನ್ನನ್ನೂ ನೋಡಿದ. 'ಎಂಟನೆಯದರವರೆಗೆ. ದೋಣಿ ತಡವಾಗುತ್ತಿತ್ತು. ತಡವಾದರೆ ಹೊರಗೆ ನಿಲ್ಲಿಸುತ್ತಿದ್ದರು. ಮಳೆ ಬರುತ್ತಿದ್ದರೂ ನಿಲ್ಲಿಸುತ್ತಿದ್ದರು. ನಿಂತು ನಿಂತು ಸಾಕಾಯಿತು.' ಇಷ್ಟನ್ನು ತುಳುವಿನಲ್ಲಿ ಹೇಳಿ ಪುನಃ ಬಲೆಗೆ ಕೈಹಾಕಿದ. ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ಆ ನೋಟದಲ್ಲಿ ನನಗೆ ಒಂದು ಮುಖ ಗುರುತು ಹತ್ತಿತು. ವರ್ಷ ೧೯೮೮ ಅಥವಾ ಅದರ ಮುಂದಿನದಿರಬೇಕು. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ, ಅಂಗಿಯ ತೋಳಿನಿಂದ ನೀರು ತೊಟ್ಟಿಕ್ಕಿಸುತ್ತ ಕೂರುತ್ತಿದ್ದ ಒಬ್ಬ ಹುಡುಗ. ಒಂಬತ್ತೂವರೆಯ ಗಂಟೆಯ ಮೇಲೆ ಬಂದವರನ್ನು ಜಗಲಿಯ ಆಚೆ ನಿಲ್ಲಿಸುವುದು ನನ್ನದೇ ನಿಯಮವಾಗಿತ್ತು. ನಿಲ್ಲಿಸಿ, ಆಲಸ್ಯವನ್ನು ಕುರಿತ ಒಂದು ಸುಭಾಷಿತವನ್ನು ಇಡೀ ತರಗತಿಯಿಂದ ಅವರಿಗೆ ಕೇಳಿಸುವಂತೆ ಹೇಳಿಸುತ್ತಿದ್ದೆ. ಆ ಹುಡುಗ ಶ್ರಾವಣದಿಂದ ಬರಲಿಲ್ಲ. ನಾನು ಹಾಜರಿಪುಸ್ತಕದಲ್ಲಿ ಹೆಸರಿಗೆ ಕೆಂಪು ಗೆರೆ ಎಳೆದೆನು. ಅವನ ಮನೆ ಎಲ್ಲಿ ಎಂಬುದು ಅದೇ ಪುಸ್ತಕದಲ್ಲಿ ಬರೆದಿದ್ದಿತು.

'ಏನೆಂದರು, ಅಜ್ಜ?' ಎಂದು ಹುಡುಗಿ ಕೇಳಿದಳು.

'ದೋಣಿಯ ತೊಂದರೆ' ಎಂದೆ.

ಅವಳು ಬರೆದುಕೊಂಡಳು. ಹಿಂದೆ ಬರುವಾಗ ದೋಣಿಯಲ್ಲಿ ಅವಳು ಏನೇನೋ ಕೇಳಿದಳು. ನಾನು ಏನು ಹೇಳಿದೆನೋ ನೆನಪಿಲ್ಲ. ರಾತ್ರಿ ಊಟವಾದ ಮೇಲೆ ಅವಳು ಆ ಹಾಳೆಯ ಎರಡನೆಯ ಪ್ರತಿಯನ್ನು ಮಾಡುತ್ತಿರುವಾಗ ಹತ್ತಿರ ಹೋಗಿ ಕುಳಿತೆನು. ಸುಳ್ಳು ಒಂದು ಪ್ರತಿಯಲ್ಲಿದ್ದರೆ ಬೆಂಕಿಗೆ ಹೋದೀತು, ಎರಡಾದರೆ ಉಳಿದೀತೆಂಬ ಹೆದರಿಕೆಯೋ ಏನೋ. ಅವನು ಆಡಿದ ಮಾತನ್ನು ಒಂದೂ ಬಿಡದೆ ಹೇಳಿದೆನು. ನಿಲ್ಲಿಸುತ್ತಿದ್ದವನು ಯಾರೆಂಬುದನ್ನೂ ಹೇಳಿದೆನು. ಅವಳು ನನ್ನನ್ನು ಸಮಾಧಾನ ಪಡಿಸಲಿಲ್ಲ, ದೂಷಿಸಲೂ ಇಲ್ಲ. ಬರೆದುದನ್ನು ಒಂದೇ ಗೆರೆಯಿಂದ ಹೊಡೆದು, ಕೆಳಗೆ ಪೂರ್ತಿಯಾಗಿ ಬರೆದಳು. ಆಮೇಲೆ ಕೇಳಿದಳು: 'ಶಾಲೆಯ ಗಂಟೆ ಒಂಬತ್ತೂವರೆ ಅಂದಿರಿ. ಮಳೆಗಾಲದಲ್ಲಿ ಮೊದಲನೆಯ ದೋಣಿ ಎಷ್ಟು ಹೊತ್ತಿಗೆ ಬಿಡುತ್ತಿತ್ತು?'

ಮೂವತ್ತೈದು ವರ್ಷ ಆ ಊರಿನಲ್ಲಿ ಪಾಠ ಹೇಳಿದವನಿಗೆ ಉತ್ತರ ತಿಳಿದಿರಲಿಲ್ಲ. ಮೇಘದೂತದಲ್ಲಿ ರಾಮಗಿರಿಯಿಂದ ಅಲಕೆಗೆ ಮೋಡವು ಹೋಗುವ ದಾರಿಯನ್ನು, ನಡುವಣ ಹೊಳೆ ಬೆಟ್ಟ ಪಟ್ಟಣಗಳ ಸಮೇತ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆನು.

ಮರುದಿನ ಬೆಳಗ್ಗೆ, ಅವಳನ್ನು ಎಬ್ಬಿಸದೆ, ಒಬ್ಬನೇ ಕಡವಿಗೆ ಹೋದೆನು. ಅವನು ಅದೇ ನೆರಳಿನಲ್ಲಿ ಅದೇ ಬಲೆಯ ಮುಂದೆ ಇದ್ದ. ನಾನು ಯಾರೆಂದು ಹೇಳಲು ಬಾಯಿ ತೆರೆಯುವುದರೊಳಗೆ, 'ನಿನ್ನೆಯೇ ಗೊತ್ತಾಯಿತು, ಮಾಸ್ಟ್ರೇ' ಎಂದ. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧವೂ ಹೊರಗೆ ಬರಲಿಲ್ಲ. ನಾನು ಮಾಡಿದುದು ತಪ್ಪೆಂದು ಮಾತ್ರ ತುಳುವಿನಲ್ಲಿ ಹೇಳಿದೆನು.

ಅವನು ನೂಲನ್ನು ಹಲ್ಲಿನಿಂದ ಕಡಿದು, ಗಂಟನ್ನು ಎಳೆದು ನೋಡಿದ. 'ಆಗ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ' ಎಂದ. ಸ್ವಲ್ಪ ಹೊತ್ತಿನ ಮೇಲೆ, ಮಗಳು ಈಗ ಕಡವು ದಾಟಿಯೇ ಕಾಲೇಜಿಗೆ ಹೋಗುತ್ತಾಳೆ ಎಂದ. ನಾನು ಮೊದಲನೆಯ ದೋಣಿಯ ಹೊತ್ತನ್ನು ಕೇಳಿದೆನು. ಹೊತ್ತೆಂಬುದು ಇರಲಿಲ್ಲ, ಜನ ತುಂಬಿದರೆ ಬಿಡುತ್ತಿದ್ದರು, ಗಾಳಿ ಎದ್ದರೆ ನಿಲ್ಲಿಸುತ್ತಿದ್ದರು ಎಂದು ಉತ್ತರ ಕೊಟ್ಟ. ಅದನ್ನು ಹಾಗೆಯೇ ಒಂದು ಚೀಟಿಯಲ್ಲಿ ಬರೆದುಕೊಂಡು ಎದ್ದೆನು.

'ಎಲ್ಲಿಗೆ, ಮಾಸ್ಟ್ರೇ? ಈಗ ಹೋದದ್ದಷ್ಟೆ ದೋಣಿ. ಕುಳಿತುಕೊಳ್ಳಿ' ಎಂದು ಬಲೆಯನ್ನು ಸರಿಸಿ ಜಾಗ ಮಾಡಿದ.

ಕುಳಿತೆನು. ಆ ದಿನ ದೋಣಿಯು ಬಹಳ ತಡವಾಗಿ ಬಂದಿತು.