ತಟ್ಟೆ ಅಣಬೆಗಳ ಲೆಕ್ಕ

ಸಿದ್ದಾಪುರದ ಕಡೆಯ ಅಡಿಕೆ ತೋಟದವರಿಗೆ ಅಣಬೆಯಲ್ಲಿ ಎರಡೇ ಜಾತಿ. ಒಂದು ತಿನ್ನುವಂಥದು, ಇನ್ನೊಂದು ಮರವನ್ನೇ ತಿನ್ನುವಂಥದು. ಅಡಿಕೆ ಮರದ ಬುಡದಲ್ಲಿ ವಾರ್ನಿಷ್ ಬಳಿದಂಥ ಕೆಂಗಂದು ತಟ್ಟೆ ಕಂಡಿತೆಂದರೆ ಅಣಬೆ ರೋಗ. ಅಷ್ಟರಲ್ಲಿ ಬೇರು ಕೊಳೆತು ಹೋಗಿರುತ್ತದೆ. ಅದರ ಶಾಸ್ತ್ರೀಯ ಹೆಸರು ಗ್ಯಾನೊಡರ್ಮಾ ಅಂತ ನನಗೆ ಗೊತ್ತಾದದ್ದು ನಿವೃತ್ತಿಯ ಮೇಲೆ, ಈ ವಾಶಿಯಲ್ಲಿ.

ನಮ್ಮ ಸೊಸೈಟಿಯಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮರಾಠಿ ಮೇಷ್ಟ್ರೊಬ್ಬರಿದ್ದಾರೆ. ಮಳೆ ಕಡಿಮೆಯಾಗುತ್ತಲೇ ಮಾಥೇರಾನ್ ಬೆಟ್ಟಕ್ಕೆ ಹೊರಡುವುದು ಅವರ ವ್ರತ. "ಚಲಾ ಸಾಹೇಬ್" ಅಂತ ನನ್ನನ್ನೂ ಎಳೆದರು. ಥಾಣೆಗೆ ಲೋಕಲ್, ಅಲ್ಲಿಂದ ನೇರಳ್, ಆಮೇಲೆ ಬೆಟ್ಟ. ಅಂಜನಿ, ನೇರಳೆ ಮರಗಳ ಆ ಕಾಡಿನಲ್ಲಿ ಅವರು ಹುಡುಕುತ್ತಿದ್ದದ್ದು ಮರಕ್ಕೆ ಅಂಟಿ ಬೆಳೆಯುವ ತಟ್ಟೆ ಅಣಬೆಗಳನ್ನು. ಇಂಗ್ಲಿಷಿನವರು ಬ್ರಾಕೆಟ್ ಫಂಗಸ್ ಅಂತಾರೆ. ನಮ್ಮ ಲೆಕ್ಕಪತ್ರದಲ್ಲಿ ಬ್ರಾಕೆಟ್ಟಿನೊಳಗಿನ ಅಂಕಿ ಅಂದ್ರೆ ನಷ್ಟ; ಹೆಸರು ಸರಿಯಾಗೇ ಇದೆ ಅನ್ನಿಸಿತು.

ಸರ್ವೆ ಅಂದರೆ ಹೆಚ್ಚುಕಡಿಮೆ ಲೆಡ್ಜರ್ ಬರೆದಂತೆಯೇ. ಅಡಿಭಾಗದ ರಂಧ್ರಗಳು ದುಂಡಗಿವೆಯೋ, ಜೇನುಗೂಡಿನಂತೆ ಆರು ಮೂಲೆಯವೋ. ಮುಟ್ಟಿದರೆ ತೊಗಲಿನಂತೋ, ಕಟ್ಟಿಗೆಯಂತೋ. ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹನಿಗೆ ಕಪ್ಪಾಗುತ್ತದೋ. ಕಪ್ಪಾದರೆ ಫೆಲ್ಲಿನಸ್ ಬಳಗದ್ದಿರಬಹುದು. ಹಲಸಿನ ಮರದಲ್ಲಿ ಸಿಗುವ ಫೆಲ್ಲಿನಸ್ಸೇ ಈ ಕಡೆಯ ನಾಟಿವೈದ್ಯದ 'ಫಣಸೊಂಬಾ'. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಸಿಗುವ ಇಂಥ ಅಣಬೆಗಳ ಪಟ್ಟಿಯನ್ನು ಪುಣೆಯ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ್ದಾರೆ. ಒಣಗಿಸಿದ ಮಾದರಿಗಳನ್ನು ಕಾಪಿಡಲು ಅಲ್ಲಿನ ಅಘಾರ್ಕರ್ ಸಂಸ್ಥೆಯಲ್ಲಿ ಅಜ್ರೇಕರ್ ಹೆಸರಿನ ಸಂಗ್ರಹವೇ ಇದೆ.

ಮೇಷ್ಟ್ರು ಎಂದೂ ಖಾಲಿ ಬಿಡದ ಕಾಲಂ ಒಂದಿತ್ತು: ಮರ ಬದುಕಿದೆಯೋ, ಸತ್ತಿದೆಯೋ, ಬಿದ್ದಿದೆಯೋ?

ಆ ಕಾಲಂ ಊರಲ್ಲಿ ಉಪಯೋಗಕ್ಕೆ ಬಂತು. ತೋಟದಲ್ಲಿ ಮೂರು ಮರ ಹೋದ ವರ್ಷ, ಸೊಪ್ಪಿನ ಬೆಟ್ಟದಲ್ಲಿ ಬಿದ್ದ ಮರಗಳನ್ನೆಲ್ಲ ಸುಡಿಸಲು ತಮ್ಮ ಆಳು ಗೊತ್ತುಮಾಡಿದ್ದ. "ಎಲ್ಲಾ ಕಡೆ ಅದೇ ಅಣಬೆ ಅಣ್ಣಾ, ತೋಟಕ್ಕೆ ಇಳಿದ್ರೆ?" ಅಂತ ಫೋನು. "ದೀಪಾವಳಿಗೆ ಬರ್ತೇನೆ, ಅಲ್ಲೀವರೆಗೆ ಬೆಂಕಿ ಹಾಕಬೇಡ ಮಾರಾಯ" ಅಂದೆ. ಇಬ್ಬರೂ ಎರಡು ದಿನ ಬೆಟ್ಟ ಸುತ್ತಿ ಬರೆದೆವು. ಎಂಟು ಥರದ ತಟ್ಟೆಗಳು ಸಿಕ್ಕವು. ಎಲ್ಲವೂ ಬಿದ್ದ ಮರ, ಒಣ ಕೊಂಬೆಗಳ ಮೇಲೆ. ಸತ್ತ ಕಟ್ಟಿಗೆಯನ್ನು ಮಣ್ಣು ಮಾಡುವಂಥವು. ವಾರ್ನಿಷ್ ತಟ್ಟೆ ಇದ್ದದ್ದು ತೋಟದೊಳಗೇ, ಕಡಿದು ಹಾಗೇ ಬಿಟ್ಟಿದ್ದ ಅಡಿಕೆ ಬೊಡ್ಡೆಗಳ ಮೇಲೆ, ನೀರು ನಿಲ್ಲುವ ಮೂಲೆಯಲ್ಲಿ.

ತಮ್ಮ ಬೊಡ್ಡೆಗಳನ್ನು ಬೇರುಸಹಿತ ಅಗೆಸಿದ, ರೋಗದ ಮರಗಳ ಸುತ್ತ ಕಂದಕ ತೋಡಿಸಿದ, ಬಸಿಗಾಲುವೆ ಆಳ ಮಾಡಿಸಿ ಬೇವಿನ ಹಿಂಡಿ ಹಾಕಿಸಿದ. ಬೆಟ್ಟದ ಮರಗಳು ಬಿದ್ದಲ್ಲೇ ಇವೆ.

ಎಂಟರಲ್ಲಿ ಮೂರಕ್ಕೆ ಮೇಷ್ಟ್ರಿಗೂ ಹೆಸರು ಹೊಳೆಯಲಿಲ್ಲ. ಆ ಲಕೋಟೆಗಳು ವಾಶಿಯ ಮನೆಯ ಕಪಾಟಿನಲ್ಲಿ ಹಳೇ ಪಾಸ್‌ಬುಕ್ಕುಗಳ ಪಕ್ಕ ಕೂತಿವೆ. ಪುಣೆಗೆ ಕಳಿಸಬೇಕು. "ಹುಳ ಬಿದ್ರೆ ಲಕೋಟೆ ಜೊತೆ ನಿಮ್ಮನ್ನೂ ಕಳಿಸ್ತೇನೆ" ಅಂತಾಳೆ ನನ್ನವಳು.