ಎಡಕ್ಕೆ ಹೊರಳಿದರೆ ಕಟಕಟ

ಸಿಂಧನೂರು ಸೀಮೆಯಲ್ಲಿ ಕಾರಿಗೆ ತಿರುಗುವ ಪ್ರಸಂಗವೇ ಕಡಿಮೆ. ಎತ್ತ ನೋಡಿದರೂ ಎರೆಭೂಮಿ, ಗದ್ದೆ, ಅಲ್ಲೊಂದು ಇಲ್ಲೊಂದು ರೈಸ್ ಮಿಲ್ಲಿನ ಚಿಮಣಿ. ಮಸ್ಕಿಯ ಗುಡ್ಡ ಕಾಣುವ ತನಕ ರಸ್ತೆಗೆ ಸುತ್ತುಹಾಕಿ ಹೋಗುವಂಥ ಅಡ್ಡಿ ಏನೂ ಇಲ್ಲ. ಕಾಲುವೆ ದಂಡೆಯ ದಾರಿ ಹಿಡಿದರಂತೂ ಸ್ಟೇರಿಂಗ್ ಇರುವುದು ಕೈ ಇಟ್ಟುಕೊಳ್ಳುವುದಕ್ಕೇ ಅನಿಸುತ್ತದೆ. ಹೀಗಾಗಿ ನನ್ನ ಹಳೆಯ ಸಣ್ಣ ಕಾರು ತನ್ನ ರೋಗವನ್ನು ಎಷ್ಟು ದಿನದಿಂದ ಮುಚ್ಚಿಟ್ಟುಕೊಂಡಿತ್ತೋ ದೇವರೇ ಬಲ್ಲ. ಗಾಂಧಿ ವೃತ್ತದಲ್ಲಿ ಎಡಕ್ಕೆ ಹೊರಳಿಸುವಾಗ ಅದು ಬಯಲಾಯಿತು. ಕಟ್ ಕಟ್ ಕಟ್. ನೇರ ಆದ ಕೂಡಲೇ ಗಪ್‌ಚಿಪ್.

"ಹಿಂದ ಏನೋ ಉಳ್ಳಾಡ್ಲಿಕ್ಕತ್ತೈತ್ರಿ" ಅಂದಳು ಹೆಂಡತಿ. ಡಿಕ್ಕಿ ತೆಗೆದು ನೋಡಿದರೆ, ಅಂಬಾಮಠಕ್ಕೆ ಹೋಗಿ ಬಂದಾಗ ಇಳಿಸಲು ಮರೆತ ತೆಂಗಿನಕಾಯಿ ಮೂಲೆಯಲ್ಲಿ ಆರಾಮಾಗಿ ಕುಂತಿತ್ತು. ಅದನ್ನು ಇಳಿಸಿದೆ. ಸದ್ದು ಅರ್ಧ ಹೋಯಿತು. ಅಂದರೆ ಇಷ್ಟು ದಿನ ಕೇಳುತ್ತಿದ್ದದ್ದು ಎರಡು ಸದ್ದು. 'ದಡ್' ಅನ್ನುವುದು ಕಾಯಿಯದು, ಅದು ಅಡುಗೆಮನೆ ಸೇರಿತು. 'ಕಟಕಟ' ಅನ್ನುವುದು ಕಾರಿನದೇ, ಅದು ಈಗ ಇನ್ನಷ್ಟು ಸ್ಪಷ್ಟವಾಗಿ ಕೇಳತೊಡಗಿತು.

ಒಂದನ್ನು ಹುಡುಕಲು ಹೋದರೆ ಇನ್ನೊಂದು ಸಿಗುವುದು ನಮ್ಮ ಕಡೆ ಹೊಸದೇನಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಮಸ್ಕಿ ಗುಡ್ಡದಲ್ಲಿ ಅಡ್ಡಾಡುವಾಗ ಕಣ್ಣಿಗೆ ಬಿದ್ದದ್ದು ಅಕ್ಷರ ಕೊರೆದ ಬಂಡೆ. ಅಲ್ಲಿಯ ತನಕ ಸಿಕ್ಕ ಧರ್ಮಶಾಸನಗಳಲ್ಲಿ ಬರೀ ಬಿರುದು ಹೇಳಿಕೊಳ್ಳುತ್ತಿದ್ದ 'ದೇವಾನಾಂಪ್ರಿಯ' ಯಾರು ಎಂಬುದು ಆ ಬಂಡೆಯಿಂದ ಖಾತ್ರಿಯಾಯಿತು. ಅಶೋಕ ಎಂದು ಅದರ ಮೇಲೆ ಹೆಸರೇ ಇತ್ತು. ಚಿನ್ನವನ್ನೇನೋ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ತೆಗೆಯುತ್ತಾರೆ. ಆದರೆ ಬೀಡನ್ ಸಾಹೇಬ ನಮ್ಮ ಪಾಠಪುಸ್ತಕಕ್ಕೆ ಬಂದದ್ದು ಚಿನ್ನದಿಂದಲ್ಲ. ನನ್ನ ತೆಂಗಿನಕಾಯಿಗೆ ಅಂಥ ಯೋಗ ಇರಲಿಲ್ಲ, ಚಟ್ನಿಯಾಯಿತು.

ಮರುದಿನ ಒಗ್ಗರಣೆ-ಮಿರ್ಚಿ ತಿನ್ನುವ ಹೋಟೆಲಿನಲ್ಲಿ ವಿಷಯ ಬಾಯಿ ಬಿಟ್ಟೆ. ಬಿಡಬಾರದಿತ್ತು ಅಂತೇನಿಲ್ಲ, ಬಿಡದೆ ಇರಲು ನಮ್ಮೂರಲ್ಲಿ ಸಾಧ್ಯವೂ ಇಲ್ಲ. ಒಬ್ಬರು ಶಾಕಪ್ ಹೋಗೈತಿ ಅಂದರು. ಇನ್ನೊಬ್ಬರು ಗಾಲಿಯ ನಟ್ಟು ಸಡಿಲಾಗೈತಿ, ಮೊದಲು ಬಿಗಿ ಮಾಡಿಸು ಅಂದರು (ಇದೊಂದು ಮಾತು ಮಾತ್ರ ಚಹಾ ಮುಗಿಯುವ ಮೊದಲೇ ಎದ್ದುಹೋಗಿ ನೋಡಬೇಕಾದದ್ದು; ನೋಡಿದೆ, ಬಿಗಿಯಾಗಿಯೇ ಇತ್ತು). ಟ್ರ್ಯಾಕ್ಟರ್ ಇಟ್ಟುಕೊಂಡವರೊಬ್ಬರು ಮಿರ್ಚಿ ಮುರಿಯುತ್ತ, "ಸದ್ದು ಬರೂತನ ಗಾಡಿ ಜೀವಂತ ಐತಿ ಅಂತ ತಿಳಕೋರಿ" ಎಂದು ಕೈ ಒರೆಸಿಕೊಂಡು ಎದ್ದರು.

ಮೇಸ್ತ್ರಿಯ ಗ್ಯಾರೇಜು ಎಂದರೆ ಒಂದು ಬೇವಿನ ಮರ, ನಾಲ್ಕು ತಗಡು. ಮೇಸ್ತ್ರಿಗೆ ಒಂದು ಕಿವಿ ಮಂದ. ಹರೆಯದಲ್ಲಿ ಮಿಲ್ಲಿನಲ್ಲಿ ದುಡಿದ ಫಲ. ಸದ್ದಿನ ರೋಗಕ್ಕೆ ಕಿವಿ ಕೇಳದ ವೈದ್ಯನೇ ಎಂದು ಮನಸ್ಸಿನಲ್ಲಿ ಅಂದುಕೊಂಡರೂ ಕುರ್ಚಿ ಎಳೆದುಕೊಂಡು ಕುಂತೆ.

"ಸದ್ದು ಹೆಂಗ ಬರ್ತೈತ್ರಿ ಸರ? ಮಾಡಿ ತೋರಸ್ರಿ."

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿಂದ, ರಸ್ತೆ ಬದಿಯಲ್ಲಿ, ಕಟ್ ಕಟ್ ಎಂದು ಮಾಡಿ ತೋರಿಸಿದೆ. ಪಾನಾ ಹಿಡಿದ ಹುಡುಗ ಆ ಕಡೆ ಮುಖ ತಿರುಗಿಸಿ ನಕ್ಕ. ಮೇಸ್ತ್ರಿ ನಗಲಿಲ್ಲ.

"ಲೊಡಲೊಡ ಅಲ್ಲಲ್ರಿ? ತಗ್ಗಿನಾಗ ಲೊಡಲೊಡ ಅಂದ್ರ ಲಿಂಕ್ ರಾಡು. ನಿಂತಲ್ಲೇ ಸ್ಟೇರಿಂಗ್ ತಿರುವಿದ್ರ ಟೊಂಯ್ ಅಂದ್ರ ಶಾಕಪ್ ಮ್ಯಾಲಿನ ಬೇರಿಂಗು. ಜೋರು ಹೋದಂಗ ಗುಂಯ್ ಅಂದ್ರ ಗಾಲಿ ಬೇರಿಂಗು. ತಿರುಗ್ಸಿ ಎಕ್ಸಿಲೇಟರ್ ಒತ್ತಿದಾಗ ಕಟಕಟ ಅಂದ್ರ..." ಎಂದು ಅಲ್ಲಿಗೇ ನಿಲ್ಲಿಸಿ, ನನ್ನನ್ನು ಒಳಗೆ ಕೂಡಿಸಿ, ತಾನು ಚಕ್ರದ ಸಂದಿಯಲ್ಲಿ ಕೈ ತೂರಿಸಿ ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟ. "ತಿರುವ್ರಿ ಈಗ." ಕಣ್ಣು ಮುಚ್ಚಿದ್ದ. ಸ್ಪ್ರಿಂಗ್ ತಡೆದು ತಡೆದು ಹೊರಳಿದರೆ ಆ ಜಿಗಿತ ಅಂಗೈಗೆ ತಾಕುತ್ತದಂತೆ. ತಾಕಲಿಲ್ಲ. ಆಮೇಲೆ ಇಬ್ಬರೂ ಊರಾಚೆಯ ಖಾಲಿ ಬಯಲಿಗೆ ಹೋದೆವು. ಸ್ಟೇರಿಂಗನ್ನು ಎಡಕ್ಕೆ ಕೊನೆತನಕ ತಿರುವಿ ಹಿಡಿದು, ಮೇಟಿ ಸುತ್ತ ಹಂತಿ ಎತ್ತು ತಿರುಗಿದಂತೆ ನಿಧಾನ ಸುತ್ತು ಹೊಡೆದೆ. ಕಟಕಟ. ಬಲಕ್ಕೆ ಸುತ್ತು ಹೊಡೆದೆ. ಮೌನ.

"ಬಲಗಡೆ ಆಕ್ಸಲ್ಲಿನ ಹೊರಗಿನ ಜಾಯಿಂಟು" ಅಂದ ಮೇಸ್ತ್ರಿ.

"ಸದ್ದು ಬರೋದು ಎಡಕ್ಕ ತಿರುಗಿದಾಗ."

"ಅದಕ್ಕ ಬಲಗಡೀದು. ಎಡಕ್ಕ ಹೊಳ್ಳಿದ್ರ ಭಾರ ಬೀಳೋದು ಬಲಗಾಲಿ ಮ್ಯಾಲಲ್ರಿ. ಭಾರ ಬಿದ್ದದ್ದು ಒದರ್ತೈತಿ."

ಅಪ್ಪನ ಬಂಡಿಯಲ್ಲಿ ಇಂಥ ತಕರಾರು ಇರಲಿಲ್ಲ. ಎಳೆಯುವುದು, ತಿರುಗುವುದು ಎರಡೂ ಎತ್ತಿನ ಕೆಲಸ. ಗಾಲಿ ಸುಮ್ಮನೆ ಬೆನ್ನು ಹತ್ತಿ ಬರುತ್ತಿತ್ತು. ಬಂಡಿಯ ಕೆಳಗೆ ಕೀಲೆಣ್ಣೆಯ ಗೊಟ್ಟ ತೂಗುತ್ತಿತ್ತು. ಅಂಬಾಸಿಡರಿನಲ್ಲೂ ಮುಂದಿನ ಗಾಲಿಗೆ ತಿರುಗುವ ಕೆಲಸ ಮಾತ್ರ, ದೂಡುವುದು ಹಿಂದಿನವು. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಮುಂದಿನ ಗಾಲಿಗಳೇ ಎಳೆಯಲೂಬೇಕು, ತಿರುಗಲೂಬೇಕು. ಹಾಗೆ ಡೊಂಕಾದಾಗಲೂ ಒಂದೇ ಹದದ ವೇಗದಲ್ಲಿ ತಿರುಗುವ ಕೀಲನ್ನು ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ 1926ರಲ್ಲೇ ಕಂಡುಹಿಡಿದಿದ್ದ. ಒಂದು ಬಟ್ಟಲು, ಅದರೊಳಗೆ ಪಂಜರ, ಪಂಜರದಲ್ಲಿ ಆರು ಉಕ್ಕಿನ ಗುಂಡು, ತುಂಬ ಗ್ರೀಸು, ಮೇಲೊಂದು ರಬ್ಬರಿನ ಬೂಟು. ಬೂಟು ಹರಿಯಿತೋ, ಗ್ರೀಸು ಹೊರಗೆ, ಧೂಳು ಒಳಗೆ. ಗುಂಡು ಓಡಾಡುವ ಜಾಡು ಸವೆದು ಕುಳಿ ಬೀಳುತ್ತದೆ, ಆ ಕುಳಿಗೆ ಗುಂಡು ಬಡಿಯುವುದೇ ಕಟಕಟ.

ನನ್ನ ಬೂಟು ಹರಿದದ್ದು ಹೇಗೆ ಎಂಬುದನ್ನು ಮೇಸ್ತ್ರಿ ಗಾಲಿ ಬಿಚ್ಚಿದ ಮೇಲೆ ತೋರಿಸಿದ. ರಿಮ್ಮಿನ ಒಳಮೈಯೆಲ್ಲ ಸಿಡಿದ ಕರಿ ಗ್ರೀಸು. ಆಕ್ಸಲ್ಲಿಗೆ ಏನೋ ಸುತ್ತಿಕೊಂಡು ಎರೆಮಣ್ಣಿನೊಂದಿಗೆ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ಎಳೆ ಎಳೆಯಾಗಿ ಬಿಡಿಸಿ ನನ್ನ ಅಂಗೈಗೆ ಹಾಕಿದ. ಹುರುಳಿ ಬಳ್ಳಿ. ಒಂದೆರಡು ಕಾಯಿ ಕೂಡ ಹಾಗೇ ಇದ್ದವು. ಸುಗ್ಗಿಯಲ್ಲಿ ರಸ್ತೆ ಮೇಲೆ ಹರವಿದ ಹುರುಳಿಯ ಮೇಲೆ ಹಾಯ್ದು ಹೋಗುವುದು ನಮಗೆಲ್ಲ ರೂಢಿ. ಕಣ ಮಾಡುವವರು ಈಗ ಯಾರಿದ್ದಾರೆ? ಹಾಯುವ ಕಾರು, ಲಾರಿಗಳೇ ಹಂತಿ. ಒಕ್ಕಿದ ಕೂಲಿ ಆಕ್ಸಲ್ಲಿಗೆ ಸಿಕ್ಕಿತ್ತು, ಅಷ್ಟೇ. ಬೂಟು ಹರಿದ ದಿನವೇ ಕಂಡಿದ್ದರೆ ಬೂಟಿನ ದುಡ್ಡಿನಲ್ಲಿ ಹೋಗುತ್ತಿತ್ತು. ಒಮ್ಮೆ ಸದ್ದು ಶುರುವಾದರೆ ಜಾಯಿಂಟೇ ಬದಲಿಸಬೇಕು, ಗ್ರೀಸು ತುಂಬಿ ಸಮಾಧಾನ ಮಾಡಿದರೆ ಅದು ಸಮಾಧಾನವೇ ಹೊರತು ರಿಪೇರಿ ಅಲ್ಲ.

ರಾಯಚೂರಿನಿಂದ ಸಾಮಾನು ಬಸ್ಸಿಗೆ ಬರುವ ತನಕ ಬೇವಿನ ನೆರಳಲ್ಲಿ ಕುಂತು ಬಂಡಿಯ ನೆನಪನ್ನೇ ಜಗಿಯುತ್ತಿದ್ದೆ. ಗಾಲಿ ಅಚ್ಚಿನ ಮೇಲೆ ಒಳಗೂ ಹೊರಗೂ ಸರಿಯುತ್ತ ಕಡಾಣಿಗೆ ಬಡಿಯುವ ಲೊಟಕ್ ಲೊಟಕ್. ಊರಲ್ಲಿ ಅಷ್ಟು ಬಂಡಿಗಳಿದ್ದರೂ ಅವ್ವನಿಗೆ ನಮ್ಮ ಬಂಡಿ ಹಳ್ಳ ಇಳಿಯುವಾಗಲೇ ಗೊತ್ತಾಗುತ್ತಿತ್ತು. ರೊಟ್ಟಿ ಹಂಚಿನ ಮೇಲೆ ಬೀಳುವುದು ಆಗ. ಅಪ್ಪ ಕೊಳ್ಳು ಹರಿದು, ಎತ್ತಿಗೆ ಮೇವು ಹಾಕಿ, ಕಾಲು ತೊಳೆದು ಬರುವ ಹೊತ್ತಿಗೆ ಬಿಸಿರೊಟ್ಟಿ ತಯಾರು. ಅಪ್ಪ ಇದನ್ನು ಗಮನಿಸಿದ್ದನೋ ಇಲ್ಲವೋ, ಒಮ್ಮೆಯೂ ಮಾತಾಡಿದ್ದು ನಾನು ಕೇಳಿಲ್ಲ.

ಗಾಡಿ ಕೈಗೆ ಬಂದಾಗ ರಾತ್ರಿ ಒಂಬತ್ತು ದಾಟಿತ್ತು. ಗಾಂಧಿ ವೃತ್ತದಲ್ಲಿ ಎಡಕ್ಕೆ ಹೊರಳಿಸಿದೆ, ಬೇಕಂತಲೇ ಎಕ್ಸಿಲೇಟರ್ ಒತ್ತಿದೆ. ಮಿಸುಕಲಿಲ್ಲ. ನಮ್ಮ ಓಣಿಯ ಎಡ ತಿರುವಿನಲ್ಲೂ ಬೆಣ್ಣೆ. ಮನೆ ಮುಂದೆ ಬಂದು ನೋಡಿದರೆ ಗೇಟಿಗೆ ಕೀಲಿ. ದಿನಾ ತೆರೆದೇ ಇರುತ್ತಿತ್ತಲ್ಲ ಎಂದುಕೊಳ್ಳುತ್ತ ಹಾರ್ನ್ ಹೊಡೆದೆ. ನಾಯಿ ಬೊಗಳಿದವು. ಎದುರು ಮನೆಯವರು ಲೈಟು ಹಾಕಿದರು. ಮೂರನೆಯ ಹಾರ್ನಿಗೆ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಕೀಲಿ ತೆಗೆದಳು.

"ರಿಪೇರಿ ಮಾಡಿಸಿದ್ದು ಒಂದು ಫೋನ್ ಮಾಡಿ ಹೇಳಾಕ ಏನಾಗಿತ್ರಿ? ಯಾರೋ ಬ್ಯಾರೆದವರು ಅಂತ ಸುಮ್ನ ಇದ್ದೆ."